ಅತಿಥಿ ಕೊಡುವ ಬಾಡಿಗೆ, ಅಡುಗೆಮನೆಯ ಪಾಲು

ಶನಿವಾರ ಬಂತೆಂದರೆ ಸಾಕು, ಹಾಸನದಿಂದ ಸಕಲೇಶಪುರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರಿನ ಕಾರುಗಳದ್ದೇ ಸಾಲು. ಕೆಲವರು ಗೊರೂರಿನ ಹೇಮಾವತಿ ಅಣೆಕಟ್ಟೆಗೆ, ಇನ್ನು ಕೆಲವರು ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಶೆಟ್ಟಿಹಳ್ಳಿ ಚರ್ಚಿಗೆ. ಉಳಿದವರು ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಗೆ, ಬಿಸಿಲೆ ಘಾಟಿಗೆ. 2023ರಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಅವನ್ನು ನೋಡಲು ಬರುವವರು ಬೇರೆ. ಇವರೆಲ್ಲ ರಾತ್ರಿ ಎಲ್ಲಿ ಮಲಗುತ್ತಾರೆ? ಹೆಚ್ಚಿನವರು ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ.

ನಾನು ಮಕ್ಕಳಿಗೆ ಪಾಠ ಹೇಳುವ ದುದ್ದ ಹೋಬಳಿ ಇರುವುದು ಹಾಸನದಿಂದ ಅರಸೀಕೆರೆಗೆ ಹೋಗುವ ದಾರಿಯಲ್ಲಿ. ಇಲ್ಲಿ ಮಲೆನಾಡಿನ ಮಂಜು ಇಲ್ಲ. ಆದರೆ ಕರಾವಳಿಯಿಂದ ಘಟ್ಟ ಹತ್ತಿ ಬಂದು ಸಕಲೇಶಪುರ, ಮೂಡಿಗೆರೆ ಕಡೆ ವ್ಯಾಪಾರ, ತೋಟ ಅಂತ ನೆಲೆ ನಿಂತ ನಮ್ಮ ಬ್ಯಾರಿ ಮನೆಗಳ ಸಂಪರ್ಕ ಇದೆ. ಅಂಥ ಕೆಲವು ಮನೆಗಳಲ್ಲೂ ಈಗ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. 2000ದ ನಂತರದ ವರ್ಷಗಳಲ್ಲಿ ಕಾಫಿ ಬೆಲೆ ಕುಸಿದಾಗ ಎಷ್ಟೋ ಬೆಳೆಗಾರರ ಕೈಹಿಡಿದದ್ದು ಹೋಂಸ್ಟೇ ತಾನೇ?

ಆದರೆ ಒಂದು ವಿಷಯ ಸ್ಪಷ್ಟ ಇರಬೇಕು. ಸತ್ಕಾರ ಬೇರೆ, ಬಾಡಿಗೆ ಬೇರೆ. ಅತಿಥಿಗೆ ಮೂರು ದಿನದ ಸತ್ಕಾರ ಅವನ ಹಕ್ಕು ಎಂದು ಪ್ರವಾದಿಯವರು ಕಲಿಸಿದ್ದಾರೆ. ಅದಕ್ಕೆ ದರಪಟ್ಟಿ ಇಲ್ಲ. ಹೋಂಸ್ಟೇಗೆ ಬರುವವರು ಹಣ ಕೊಟ್ಟು ಕೋಣೆ, ಊಟ ಪಡೆಯುವವರು. ಅದು ಒಪ್ಪಂದ, ಫಿಕ್ಹ್‌ನ ಭಾಷೆಯಲ್ಲಿ ‘ಇಜಾರ’. ಒಪ್ಪಂದದಲ್ಲಿ ಏನು ಕೊಡುತ್ತೇವೆ, ಏನು ಕೊಡುವುದಿಲ್ಲ ಎಂದು ಮೊದಲೇ ಹೇಳಬೇಕು. ಬಿಸಿನೀರು ಬೆಳಿಗ್ಗೆ ಮಾತ್ರ ಅಂದರೆ ಹಾಗೇ ಹೇಳಿ. ಮನೆಯಲ್ಲಿ ಮದ್ಯಕ್ಕೆ ಅವಕಾಶ ಇಲ್ಲದಿದ್ದರೆ ಫೋನಿನಲ್ಲೇ ಹೇಳಿಬಿಡಿ. ರಾತ್ರಿ ಹತ್ತು ಗಂಟೆಗೆ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಂದವರ ಎದುರು ಗೇಟಿನಲ್ಲಿ ನಿಂತು ಹೇಳುವ ಮಾತಲ್ಲ ಅದು.

ಫೋನಿನಲ್ಲಿ ಹೆಸರು ಕೇಳಿ, ಜಾತಿ ಧರ್ಮ ಊಹಿಸಿ ‘ರೂಮ್ ಖಾಲಿ ಇಲ್ಲ’ ಅನ್ನುವುದೂ ಬೇಡ. ಬಾಡಿಗೆ ಮನೆ ಹುಡುಕುವಾಗ ಆ ಮಾತು ಕೇಳಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ನೋವು ಗೊತ್ತಿರುವವರು ಅದನ್ನೇ ಇನ್ನೊಬ್ಬರಿಗೆ ಕೊಡಬಾರದು.

ಕಾಗದಪತ್ರದ ವಿಷಯ. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಗೆ ನುಗ್ಗಿ ಯುವಕ ಯುವತಿಯರ ಮೇಲೆ ಹಲ್ಲೆ ನಡೆಸಿದ್ದನ್ನು ಕರಾವಳಿಯವರು ಮರೆತಿಲ್ಲ. ಕಾನೂನು ಕೈಗೆತ್ತಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ನಮ್ಮ ಕಡೆಯಿಂದ ಲೆಕ್ಕ ಸರಿ ಇದ್ದರೆ ನಮ್ಮ ಮನೆಗೂ ಬಂದವರಿಗೂ ರಕ್ಷಣೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಬಂದವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದಿಡಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ‘ಫಾರ್ಮ್ ಸಿ’ಯನ್ನು ಆನ್‌ಲೈನಿನಲ್ಲಿ ತುಂಬಲೇಬೇಕು.

ಇನ್ನೊಂದು ಎಚ್ಚರಿಕೆ ಆನೆಯದ್ದು. ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟಿದ್ದು ಇದೇ ಸಕಲೇಶಪುರ ತಾಲೂಕಿನ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಪಳಗಿದ, ಅಷ್ಟು ದೊಡ್ಡ ಆನೆಯ ಗತಿಯೇ ಹಾಗಾದರೆ ಟಾರ್ಚ್ ಹಿಡಿದು ತೋಟಕ್ಕೆ ಇಳಿಯುವ ಪೇಟೆಯ ಹುಡುಗರ ಪಾಡೇನು? ಕತ್ತಲಾದ ಮೇಲೆ ಅಂಗಳ ದಾಟಬೇಡಿ ಎಂದು ಅತಿಥಿಗೆ ಬಂದ ಕೂಡಲೇ ಹೇಳಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಇಷ್ಟನ್ನು ಹೆಚ್ಚಿನ ಮನೆಗಳಲ್ಲಿ ಮಾಡುತ್ತಾರೆ. ಯಾರೂ ಮಾತನಾಡದ ವಿಷಯ ಒಂದಿದೆ, ಅದು ಅಡುಗೆಮನೆಯದ್ದು.

ನಮ್ಮ ಮನೆಗಳಿಗೆ ಬರುವ ಅತಿಥಿಗಳು ನೋಟಕ್ಕಾಗಿ ಬರುತ್ತಾರೆ, ಊಟದ ಬಗ್ಗೆ ಮಾತನಾಡುತ್ತಾ ಹೋಗುತ್ತಾರೆ. ನೈಪತ್ತಿರ್, ಪುಂಡಿ, ಕೋಳಿ ಸಾರು, ಮೀನು. ಹಿಟ್ಟು ತಟ್ಟಿದವರು, ತೆಂಗಿನಕಾಯಿ ಅರೆದವರು, ಹಾಸಿಗೆ ಬಟ್ಟೆ ಒಗೆದು ಮಳೆಗಾಲದಲ್ಲಿ ಒಲೆಯ ಮೇಲ್ಗಡೆ ಒಣಗಿಸಿದವರು ಯಾರು? ಮನೆಯ ಉಮ್ಮ, ಹೆಂಡತಿ, ಸೊಸೆ. ಬಾಡಿಗೆ ಹಣ ಹೋಗುವುದು ಯಾರ ಮೊಬೈಲಿಗೆ? ಯಜಮಾನನ ಮೊಬೈಲಿಗೆ.

ಒಂದು ಲೆಕ್ಕ ಹಾಕೋಣ. ಒಬ್ಬರಿಗೆ ದಿನಕ್ಕೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ಜನ, ಎರಡು ದಿನ, 16,000 ರೂಪಾಯಿ. ಅಕ್ಕಿ, ಕೋಳಿ, ಗ್ಯಾಸ್, ಕರೆಂಟು, ಬುಕಿಂಗ್ ಆ್ಯಪ್‌ನವರ ಕಮಿಷನ್ ಕಳೆಯಿರಿ. ಹೊರಗಿನಿಂದ ಅಡುಗೆಯವರನ್ನು ಕರೆಸಿದ್ದರೆ ಅವರ ಸಂಬಳವನ್ನೂ ಕಳೆಯುತ್ತಿದ್ದಿರಿ ತಾನೇ? ಮನೆಯವಳು ಮಾಡಿದಳು ಅಂತ ಆ ಕಾಲಂ ಖಾಲಿ ಬಿಟ್ಟರೆ, ಅದು ಲಾಭ ಅಲ್ಲ. ಇನ್ನೊಬ್ಬರ ಕೂಲಿ.

‘ಗಂಡನ ಮನೆ ಕೆಲಸ ಅಲ್ವಾ, ಅದಕ್ಕೆ ಎಂಥ ಕೂಲಿ’ ಎನ್ನುವವರಿದ್ದಾರೆ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಸ್ವಂತ ಮನೆಯ ಅಡುಗೆಯೇ ಹೆಂಡತಿಯ ಮೇಲೆ ಕಡ್ಡಾಯ ಅಲ್ಲ. ಅವಳು ಮಾಡುವುದು ಅವಳ ಒಳ್ಳೆಯತನ. ಹಾಗಿರುವಾಗ ಹಣ ಕೊಟ್ಟು ಉಣ್ಣುವ ಹೊರಗಿನವರಿಗೆ ಬೇಯಿಸುವುದು ಕಡ್ಡಾಯ ಆಗುವುದು ಹೇಗೆ? ಗಂಡಸರು ಗಳಿಸಿದ್ದರಲ್ಲಿ ಅವರಿಗೆ ಪಾಲು, ಹೆಂಗಸರು ಗಳಿಸಿದ್ದರಲ್ಲಿ ಅವರಿಗೆ ಪಾಲು ಎಂಬುದು ಕುರ್‌ಆನ್ ಕಲಿಸುವ ಪಾಠ. ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಹದೀಸನ್ನು ತೋಟದ ಕೆಲಸಗಾರರ ವಿಷಯದಲ್ಲಿ ನಾವು ನೆನಪಿಸಿಕೊಳ್ಳುತ್ತೇವೆ. ಒಲೆಯ ಮುಂದೆಯೂ ಬೆವರು ಇಳಿಯುತ್ತದೆ.

ಕೂಲಿಯ ಜೊತೆಗೆ ಅವಳ ಒಪ್ಪಿಗೆಯೂ ಬೇಕು. ಅಪರಿಚಿತರು ಓಡಾಡುವ ಮನೆಯಲ್ಲಿ ಹೆಂಗಸರಿಗೆ ಅವರದೇ ಆದ ಜಾಗ ಉಳಿಯಬೇಕು. ಅತಿಥಿಗಳಿಗೆ ಪ್ರತ್ಯೇಕ ಬಾಗಿಲು, ಊಟಕ್ಕೆ ಚಾವಡಿ ಅಂತ ಮಾಡಿದರೆ ಎರಡೂ ಕಡೆಯವರಿಗೆ ನೆಮ್ಮದಿ. ಕೇಳದೆ ಅಡುಗೆಮನೆಯ ಫೋಟೊ, ವಿಡಿಯೊ ಬೇಡ ಎಂದು ನಗುತ್ತಲೇ ಹೇಳಬಹುದು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ, ಮಕ್ಕಳಿಗೆ ಪರೀಕ್ಷೆ ಅಂದರೆ ಆ ವಾರ ಬುಕಿಂಗ್ ಬೇಡ. ‘ಈ ವಾರ ಬೇಡ’ ಎನ್ನುವ ಅಧಿಕಾರ ಬೇಯಿಸುವವಳಿಗೆ ಇರಬೇಕು.

ಇಬ್ರಾಹೀಂ ನಬಿಯವರು ಮನೆಗೆ ಬಂದ ಅಪರಿಚಿತರಿಗೆ ಕೊಬ್ಬಿದ ಕರುವಿನ ಮಾಂಸ ತಂದಿಟ್ಟ ಪ್ರಸಂಗವನ್ನು ಮದ್ರಸದ ಪ್ರತಿ ಮಗುವೂ ಕೇಳಿದೆ. ಅತಿಥಿಗಳನ್ನು ಕೂರಿಸಿ ಸದ್ದಿಲ್ಲದೆ ಎದ್ದು ಒಳಗೆ ಹೋದವರು, ತಟ್ಟೆ ತಂದು ಮುಂದಿಟ್ಟವರು ಸ್ವತಃ ಅವರೇ. ನಮ್ಮ ಗಂಡಸರೂ ಅಷ್ಟು ಮಾಡಬಹುದು. ತಟ್ಟೆ ಎತ್ತುವುದರಿಂದ, ಹಾಸಿಗೆ ಕೊಡವುದರಿಂದ ಯಾರ ಯಜಮಾನಿಕೆಯೂ ಕಡಿಮೆ ಆಗುವುದಿಲ್ಲ.

ಕಾಫಿ ಕೊಯ್ಲು ಮುಗಿದು ಬೇಸಿಗೆ ರಜೆಯ ಜನ ಬರುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂತು ಲೆಕ್ಕದ ಪುಸ್ತಕ ಬಿಡಿಸಿ. ಖರ್ಚಿನ ಪಟ್ಟಿಯಲ್ಲಿ ಅಡುಗೆ ಮಾಡಿದವರ ಕೂಲಿ ಬರೆಯಿರಿ. ಅವರ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಲ್ಲದಿದ್ದರೆ ಮಾಡಿಸಿ, ಪ್ರತಿ ಬುಕಿಂಗ್ ಮುಗಿದ ದಿನವೇ ಹಣ ಹಾಕಿ. ಆ ಹಣದಲ್ಲಿ ಅವರು ಬಂಗಾರ ಮಾಡಿಸಲಿ, ಮಗಳ ಕಾಲೇಜು ಫೀಸು ಕಟ್ಟಲಿ, ಸುಮ್ಮನೆ ಇಟ್ಟುಕೊಳ್ಳಲಿ. ಯಾಕೆ ಎಂದು ಕೇಳುವ ಹಕ್ಕು ನಮಗಿಲ್ಲ.