ಲಿಂಕ್ ಒತ್ತಿಯಾಯಿತು, ಇನ್ನೇನು? ನಿಮಗಿದು ಗೊತ್ತೇ?

● ನಕಲಿ ಲಿಂಕ್ ಕಳಿಸಿ ಮೋಸ ಮಾಡುವುದಕ್ಕೆ ‘ಫಿಶಿಂಗ್’ ಎಂಬ ಹೆಸರು ಹುಟ್ಟಿದ್ದು 1990ರ ದಶಕದ ಅಮೆರಿಕದಲ್ಲಿ. ಮೂಲ, ಮೀನು ಹಿಡಿಯುವ ಗಾಳವೇ. ಮಂಜೇಶ್ವರ, ಕುಂಬಳೆಯ ಕಡಲ ಬದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರೆ ಮೂಸಿದ ಮೀನೆಲ್ಲ ಸಿಕ್ಕಿಬೀಳುವುದಿಲ್ಲ, ನುಂಗಿದ್ದು ಬೀಳುತ್ತದೆ.

● ಲಿಂಕ್ ಒತ್ತಿದ ಮಾತ್ರಕ್ಕೆ ಸಾಮಾನ್ಯವಾಗಿ ಹಣ ಹೋಗುವುದಿಲ್ಲ. ತೆರೆದುಕೊಂಡ ಪುಟದಲ್ಲಿ ಪಿನ್, ಒಟಿಪಿ, ಕಾರ್ಡ್ ನಂಬರ್ ತುಂಬಿದರೆ ಅಥವಾ ಆ್ಯಪ್ ಇಳಿಸಿಕೊಂಡರೆ ಅಪಾಯ ಶುರು. ಏನೂ ತುಂಬಿಲ್ಲವೇ? ಪುಟ ಮುಚ್ಚಿ, ಏನಾದರೂ ಡೌನ್‌ಲೋಡ್ ಆಗಿದೆಯೇ ನೋಡಿ ಅಳಿಸಿ.

● “ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ” ಎಂದು ವಾಟ್ಸಾಪ್‌ನಲ್ಲಿ ಬರುವ ಚಲನ್ ಫೈಲಿನ ಹೆಸರಿನ ಕೊನೆ ನೋಡಿ. ‘ಎಪಿಕೆ’ ಎಂದಿದ್ದರೆ ಅದು ರಶೀದಿಯಲ್ಲ, ಆ್ಯಪ್. ಕೇರಳದಲ್ಲಿ ಹೀಗೆ ಸರ್ಕಾರಿ ವಾಹನ ಸೇವೆ ‘ಪರಿವಾಹನ್’ ಹೆಸರಿನ ನಕಲಿ ಆ್ಯಪ್ ಹಂಚಿದ ಪ್ರಕರಣದಲ್ಲಿ ಕೊಚ್ಚಿ ಸೈಬರ್ ಪೊಲೀಸರು 2025ರ ಜುಲೈಯಲ್ಲಿ ಇಬ್ಬರನ್ನು ಬಂಧಿಸಿದ್ದು ದೂರದ ವಾರಾಣಸಿಯಲ್ಲಿ!

● ಇಂಥ ಆ್ಯಪ್ ಮೊದಲು ಕೇಳುವುದು ಎಸ್‌ಎಂಎಸ್ ಓದುವ ಅನುಮತಿ. ಆಮೇಲೆ ಒಟಿಪಿ ಬರುವುದು ನಿಮ್ಮ ಫೋನಿಗೆ, ಓದುವವನು ಕಳ್ಳ. ಯಾರಿಗೂ ಒಟಿಪಿ ಹೇಳದವರ ಹಣವೂ ಹೋಗುವುದು ಹೀಗೆ.

● ಆ್ಯಪ್ ಇಳಿಸಿಬಿಟ್ಟಿದ್ದರೆ ಮೊದಲ ಕೆಲಸ ಏರೋಪ್ಲೇನ್ ಮೋಡ್. ವೈಫೈ ಕೂಡ ಆಫ್ ಆಗಿದೆಯೇ ನೋಡಿ. ನೆಟ್ ಇಲ್ಲದಿದ್ದರೆ ಕಳ್ಳನ ಕೈ ಫೋನಿನ ಒಳಕ್ಕೆ ಚಾಚುವುದಿಲ್ಲ.

● ಬ್ಯಾಂಕಿಗೆ ಕರೆ ಮಾಡುವುದು, ಪಾಸ್‌ವರ್ಡ್ ಬದಲಿಸುವುದು, ಎರಡೂ ಮನೆಯ ಇನ್ನೊಂದು ಫೋನಿನಿಂದ. ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿಗಳಿವೆ. ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ.

● ‘ಅನ್‌ಇನ್‌ಸ್ಟಾಲ್’ ಮಸುಕಾಗಿ, ಒತ್ತಿದರೂ ಕೆಲಸ ಮಾಡುತ್ತಿಲ್ಲವೇ? ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್’ ಹುಡುಕಿ, ಆ ಆ್ಯಪ್‌ಗೆ ಕೊಟ್ಟ ಅಧಿಕಾರ ಕಿತ್ತುಕೊಳ್ಳಿ, ಬಳಿಕ ತೆಗೆಯಿರಿ. ಅದಕ್ಕೂ ಮೊದಲು ಸಂದೇಶದ ಫೋಟೊ ಹೊಡೆದಿಡಿ, ದೂರಿಗೆ ಬೇಕು.

● ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ನಂಬರ್. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ. ದೂರು ಬೇಗ ಬಂದರೆ ಅದನ್ನು ನಡುದಾರಿಯಲ್ಲೇ ತಡೆಹಿಡಿಯಲು ಸಾಧ್ಯ.

● ಮನೆ ಬದಿಯಡ್ಕದಲ್ಲಿ, ಖಾತೆ ಮಂಗಳೂರಿನಲ್ಲಿ. ದೂರು ಯಾವ ಠಾಣೆಗೆ? ಯಾವುದಕ್ಕಾದರೂ ಸರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ‘ನಮ್ಮ ವ್ಯಾಪ್ತಿಯಲ್ಲ’ ಎಂದು ತಲಪಾಡಿ ಗಡಿ ದಾಟಿಸುವಂತಿಲ್ಲ. ಕಾಸರಗೋಡಿನಲ್ಲೇ ಸೈಬರ್ ಠಾಣೆ ಇದೆ.

● ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ಇದು: ಒಟಿಪಿ ಕೊಟ್ಟ ತಪ್ಪು ನಿಮ್ಮದೇ ಆದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗುವ ಹಣ ಬ್ಯಾಂಕಿನ ಹೊಣೆ. ಹಾಗಾಗಿ ತಿಳಿಸಿದ ಸಮಯ, ದೂರಿನ ನಂಬರ್ ಬರೆದಿಡಿ.

● “ಹೋದ ಹಣ ವಾಪಸ್ ಕೊಡಿಸುತ್ತೇವೆ, ಪಿನ್ ಒತ್ತಿ” ಎಂಬ ಕರೆ ಎರಡನೇ ಗಾಳ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ.

● ಕೇರಳ 2025ರ ಆಗಸ್ಟ್ 21ರಂದು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಿಕೊಂಡಿತು. ಅಕ್ಷರ ಬಲ್ಲವರೂ ಮೋಸ ಹೋಗುತ್ತಾರೆ, ಅದರಲ್ಲಿ ನಾಚಿಕೆಯಿಲ್ಲ. ಮನೆಯವರಿಂದ ಬಚ್ಚಿಟ್ಟ ಒಂದು ಗಂಟೆಯೇ ದುಬಾರಿ. 1930 ಎಂಬುದನ್ನು ಫೋನಿನಲ್ಲಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೇಕಾದ ಹೊತ್ತಿಗೆ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರುತ್ತದೆ.