ಎರಡು ಲಿಪಿಗಳ ಊರು

ಆಫ್ರಿಕಾ ಖಂಡದ ಉತ್ತರ ತೀರದಲ್ಲಿ ಟ್ಯುನೀಷಿಯಾ ಎಂಬ ಪುಟ್ಟ ದೇಶವಿದೆ. ಅದರ ರಾಜಧಾನಿಯಾದ ಟ್ಯುನಿಸ್‌ನಿಂದ ನೈಋತ್ಯಕ್ಕೆ ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ, ಆಲಿವ್ ಮರಗಳ ನಡುವಣ ಗುಡ್ಡವೊಂದರ ಮೇಲೆ ದುಗ್ಗಾ ನಗರದ ಅವಶೇಷಗಳು ಹರಡಿವೆ.

ನೋಡುವವರ ಕಣ್ಣನ್ನು ಮೊದಲು ಸೆಳೆಯುವುವು ರೋಮನರ ಕಾಲದ ಕಟ್ಟಡಗಳು. ಕ್ರಿ. ಶ. 166-167ರಲ್ಲಿ ನಿರ್ಮಾಣಗೊಂಡ ಜ್ಯೂಪಿಟರ್, ಜೂನೋ, ಮಿನರ್ವಾ ದೇವತೆಗಳ ಗುಡಿಯ ಕಂಬಗಳು ಇಂದಿಗೂ ತಲೆಯೆತ್ತಿ ನಿಂತಿವೆ. ಸುಮಾರು 3,500 ಜನ ಕುಳಿತು ನಾಟಕ ನೋಡಬಹುದಾಗಿದ್ದ ರಂಗಮಂದಿರವೂ ಉಳಿದಿದೆ. ಇವನ್ನು ಕಂಡವರು ಇದು ರೋಮನರೇ ಕಟ್ಟಿದ ಊರೆಂದು ತಿಳಿಯುವುದು ಸಹಜ. ಆದರೆ ಇಲ್ಲಿನ ಬೀದಿಗಳು ಬೇರೆ ಮಾತನ್ನೇ ಹೇಳುತ್ತವೆ. ರೋಮನರು ಹೊಸದಾಗಿ ಕಟ್ಟಿದ ನಗರಗಳಲ್ಲಿ ಬೀದಿಗಳು ಚದುರಂಗದ ಮಣೆಯ ಗೆರೆಗಳಂತೆ ನೇರವಾಗಿರುತ್ತಿದ್ದುವು. ದುಗ್ಗಾದ ಬೀದಿಗಳಾದರೋ ಅಂಕುಡೊಂಕು. ರೋಮನರು ಬರುವ ಮುನ್ನವೇ ಇಲ್ಲಿ ನುಮಿಡಿಯನ್ನರ ಊರೊಂದು ಬೆಳೆದಿತ್ತೆಂಬುದೇ ಇದಕ್ಕೆ ಕಾರಣ.

ನುಮಿಡಿಯನ್ನರು ಬರ್ಬರ್ ಜನಾಂಗದವರು. ‘ಬರ್ಬರ್’ ಎಂಬುದು ಅನ್ಯರು ಇಟ್ಟ ಹೆಸರು. ಅನಾಗರಿಕರೆಂಬ ತಿರಸ್ಕಾರ ಅದರ ಮೂಲದಲ್ಲಿದೆ. ಆ ಜನರು ತಮ್ಮನ್ನು ‘ಅಮಾಜಿಗ್’ ಎಂದು ಕರೆದುಕೊಳ್ಳುತ್ತಾರೆ. ಅವರು ಅನಾಗರಿಕರಾಗಿದ್ದರೇ? ಈ ಪ್ರಶ್ನೆಗೆ ದುಗ್ಗಾದ ಕಲ್ಲೇ ಉತ್ತರ ಕೊಡುತ್ತದೆ.

ಊರಿನ ತಗ್ಗಿನಲ್ಲಿ 21 ಮೀಟರ್ ಎತ್ತರದ ಸಮಾಧಿಗೋಪುರವೊಂದಿದೆ. ಕ್ರಿ. ಪೂ. ಎರಡನೆಯ ಶತಮಾನದ ಈ ಗೋಪುರದಲ್ಲಿ ಒಂದೇ ಒಕ್ಕಣೆಯನ್ನು ಎರಡು ಭಾಷೆಗಳಲ್ಲಿ ಕೆತ್ತಿದ ಶಾಸನವಿತ್ತು. ಒಂದು ಕಾರ್ಥೇಜಿನವರ ಪ್ಯೂನಿಕ್. ಮತ್ತೊಂದು ಸ್ಥಳೀಯರ ಲಿಬಿಕ್. ವಿದ್ವಾಂಸರಿಗೆ ಪ್ಯೂನಿಕ್ ಲಿಪಿ ತಿಳಿದಿತ್ತು. ಅದರಲ್ಲಿದ್ದ ಹೆಸರುಗಳನ್ನು ಪಕ್ಕದ ಬರಹದೊಡನೆ ಹೋಲಿಸಿ, ಲಿಬಿಕ್ ಅಕ್ಷರಗಳ ಗುಟ್ಟನ್ನು ಅವರು ಬಿಡಿಸಿದರು. ಆ ಶಾಸನದಲ್ಲಿ ಮೆರೆದಿರುವುದು ಅರಸರ ಬಿರುದುಗಳಲ್ಲ. ಅತೆಬನ್ ಮೊದಲಾದ ಕಲ್ಲುಕುಟಿಗರ, ಬಡಗಿಗಳ, ಕಮ್ಮಾರರ ಹೆಸರುಗಳು!

ಈ ಅರಿವಿಗೆ ತೆತ್ತ ಬೆಲೆ ಸಣ್ಣದಲ್ಲ. 1842ರಲ್ಲಿ ಟ್ಯುನಿಸ್‌ನಲ್ಲಿದ್ದ ಬ್ರಿಟಿಷ್ ರಾಯಭಾರಾಧಿಕಾರಿ ಥಾಮಸ್ ರೀಡ್ ಶಾಸನವನ್ನು ಸಾಗಿಸಲೆಂದು ಗೋಪುರವನ್ನೇ ಕೆಡವಿಸಿದನು. ಬಿದ್ದ ಕಲ್ಲುಗಳನ್ನು ಜೋಡಿಸಿ 1908-1910ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು ಅದನ್ನು ಮತ್ತೆ ನಿಲ್ಲಿಸಿದರು. ಶಾಸನ ಮಾತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿಯೇ ಉಳಿದಿದೆ.

1997ರಲ್ಲಿ ಯುನೆಸ್ಕೋ ದುಗ್ಗಾವನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಲಿಬಿಕ್ ಲಿಪಿಯ ಪೀಳಿಗೆಗೆ ಸೇರಿದ ತಿಫಿನಾಗ್ ಅಕ್ಷರಗಳನ್ನು ಸಹಾರಾ ಮರುಭೂಮಿಯ ಟುವಾರೆಗ್ ಜನರು ಉಳಿಸಿಕೊಂಡು ಬಂದರು. 2003ರಲ್ಲಿ ಮೊರಾಕೊ ದೇಶವು ಅದರ ಹೊಸ ರೂಪವನ್ನು ಶಾಲೆಗಳಲ್ಲಿ ಅಮಾಜಿಗ್ ನುಡಿಯನ್ನು ಕಲಿಸಲು ಆರಿಸಿಕೊಂಡಿತು. ಅನಾಗರಿಕರೆಂದು ಹೆಸರಾಂತವರ ಅಕ್ಷರಗಳು ಇಂದು ಮಕ್ಕಳ ಪಾಟಿಯ ಮೇಲೆ ಮತ್ತೆ ಮೂಡುತ್ತಿವೆ.