ಬಣ್ಣ ಬದಲಿಸುವ ಬೆಕ್ಕಿಗೆ ಯಾವ ಹೆಸರು?

ಮನೆಗೆ ಬಂದ ಬೆಕ್ಕಿನ ಮರಿಗೆ ಹೆಸರಿಡುವುದು ಸುಲಭದ ಕೆಲಸವೆಂದೇ ನಾವೆಲ್ಲ ತಿಳಿದಿರುತ್ತೇವೆ. ಕಪ್ಪಗಿದ್ದರೆ ಕರಿಯ, ಬೆಳ್ಳಗಿದ್ದರೆ ಬೆಳ್ಳಿ, ಕೆಂಚಗಿದ್ದರೆ ಕೆಂಚ. ದನಕರುಗಳಿಗೆ ನಮ್ಮ ಹಿರಿಯರು ಹೆಸರಿಟ್ಟದ್ದೂ ಬಹುಮಟ್ಟಿಗೆ ಹೀಗೆಯೇ. ಆದರೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ಕಿಟಕಿಗಳಲ್ಲಿ ಈಗ ಕಾಣಸಿಗುವ ಒಂದು ಬಗೆಯ ದೊಡ್ಡ ಬೆಕ್ಕಿನ ಮುಂದೆ ಈ ಪದ್ಧತಿ ಸೋಲುತ್ತದೆ. ಅದರ ಮೈ ಕೆನೆಹಾಲಿನ ಬಣ್ಣ. ಮೂತಿ, ಕಿವಿ, ಪಾದ, ಬಾಲ ಮಾತ್ರ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದಂತೆ ಗಾಢ. ಕಣ್ಣು ನೀಲಿ. ಸಾಕುವವರು ಇದನ್ನು ‘ಪಾಯಿಂಟೆಡ್’ ಬಣ್ಣ ಎನ್ನುತ್ತಾರೆ.

ಇಂಥ ಮರಿಯೊಂದು ನಿಮ್ಮ ಮನೆಗೆ ಬಂತೆಂದು ಭಾವಿಸಿ. ಇನ್ನೂ ಎಳೆಯದು, ಹೆಚ್ಚುಕಡಿಮೆ ಪೂರ್ತಿ ಬಿಳಿ. ಮನೆಮಂದಿಯೆಲ್ಲ ಸೇರಿ ‘ಮಲ್ಲಿಗೆ’ ಎಂದು ಕರೆದಿರಿ. ವರ್ಷ ತುಂಬುವ ಹೊತ್ತಿಗೆ ಮಲ್ಲಿಗೆಯ ಮುಖಕ್ಕೆ ಮಸಿ ಬಳಿದಂತಾಗಿದೆ, ಬಾಲವೂ ಕಪ್ಪಿಟ್ಟಿದೆ. ಮರಿ ಬದಲಾಯಿತೇ, ಕಾಯಿಲೆಯೇ ಎಂದು ಅಜ್ಜಿಗೆ ಗಾಬರಿ. ಎರಡೂ ಅಲ್ಲ. ಇದು ಜೀವರಸಾಯನಶಾಸ್ತ್ರದ ಒಂದು ಸೊಗಸಾದ ಪಾಠ.

ರೋಮಕ್ಕೆ ಕಪ್ಪು ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದು ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಈ ಬೆಕ್ಕುಗಳಲ್ಲಿ ಆ ಕಿಣ್ವದ ಜೀನ್ ಸ್ವಲ್ಪ ಬದಲಾಗಿದೆ. ಹಾಗಾಗಿ ಕಿಣ್ವವು ದೇಹದ ಮಾಮೂಲಿ ಶಾಖದಲ್ಲಿ, ಎಂದರೆ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸರಿಯಾಗಿ ಕೆಲಸ ಮಾಡದು. ತಂಪಾದ ಕಡೆ ಮಾತ್ರ ಮಾಡುತ್ತದೆ. ಕಿವಿ, ಮೂಗು, ಪಾದ, ಬಾಲಗಳು ಮೈಗಿಂತ ತಂಪು. ಆದ್ದರಿಂದ ಅಲ್ಲಿ ಮಾತ್ರ ಬಣ್ಣ. ತಾಯಿಯ ಗರ್ಭದೊಳಗೆ ಎಲ್ಲೆಡೆಯೂ ಒಂದೇ ಬೆಚ್ಚಗೆ. ಆದ್ದರಿಂದ ಹುಟ್ಟುವಾಗ ಬಿಳಿ. ಬೆಕ್ಕಿನ ಮೈಮೇಲೆ ಶಾಖದ ಭೂಪಟವನ್ನೇ ಬರೆದಂತೆ!

ಇದು ಬರಿಯ ಊಹೆಯಲ್ಲ. ಎನ್.ಎ. ಇಲ್ಯಿನ್ ಮತ್ತು ವಿ.ಎನ್. ಇಲ್ಯಿನ್ ಎಂಬ ರಷ್ಯದ ಸಂಶೋಧಕರು ಸಯಾಮೀ ಬೆಕ್ಕುಗಳ ರೋಮ ಬೋಳಿಸಿ, ತಂಪಿನಲ್ಲಿಟ್ಟು ನೋಡಿ, ಹೊಸ ರೋಮ ಗಾಢವಾಗಿ ಬರುವುದನ್ನು 1930ರಲ್ಲಿ ವರದಿ ಮಾಡಿದರು. ಸಂತಾನಹರಣ ಶಸ್ತ್ರಚಿಕಿತ್ಸೆಗೆಂದು ಪಶುವೈದ್ಯರು ರೋಮ ತೆಗೆದ ಜಾಗದಲ್ಲಿ, ಅದರಲ್ಲೂ ಡಿಸೆಂಬರ್ ಚಳಿಯಲ್ಲಿ, ಕಪ್ಪು ತೇಪೆಯೊಂದು ಮೂಡಿದರೆ ಹೆದರಬೇಕಾಗಿಲ್ಲ. ಹಳೆಯ ರೋಮ ಉದುರಿ ಹೊಸದು ಬಂದಾಗ ಅದು ಮತ್ತೆ ತಿಳಿಯಾಗುತ್ತದೆ.

ಹೀಗಿರುವಾಗ ಇವತ್ತು ಕಾಣುವ ಬಣ್ಣವನ್ನು ನಂಬಿ ಹೆಸರಿಡುವುದು ಹೇಗೆ? ಗಾತ್ರವನ್ನೂ ನಂಬುವಂತಿಲ್ಲ. ಈ ಬಣ್ಣದ ತಳಿಗಳಲ್ಲಿ ಭಾರಿ ಗಾತ್ರದ್ದು ರ‍್ಯಾಗ್‌ಡಾಲ್. 1960ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆ್ಯನ್ ಬೇಕರ್ ಎಂಬಾಕೆ ಬೆಳೆಸಿದ ತಳಿಯಿದು. ಎತ್ತಿಕೊಂಡರೆ ಬಟ್ಟೆಯ ಗೊಂಬೆಯಂತೆ ಮೈ ಸಡಿಲ ಬಿಡುವುದರಿಂದ ಆ ಹೆಸರು. ಪೂರ್ತಿ ಬೆಳೆಯಲು ಮೂರು ನಾಲ್ಕು ವರ್ಷ ಬೇಕು. ಗಂಡು ಏಳೆಂಟು ಕಿಲೋ ತೂಗುವುದುಂಟು. ನಮ್ಮ ಊರಬೆಕ್ಕಿನ ಎರಡರಷ್ಟು! ಅಂಥದ್ದನ್ನು ‘ಪುಟ್ಟ’ ಎಂದು ಕೂಗಿದರೆ ಬಂದ ನೆಂಟರು ನಗದೆ ಇರುತ್ತಾರೆಯೇ?

ತಳಿಗಳ ಹೆಸರುಗಳೂ ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. ‘ಹಿಮಾಲಯನ್’ ಬೆಕ್ಕಿಗೂ ಹಿಮಾಲಯ ಪರ್ವತಕ್ಕೂ ಸಂಬಂಧವಿಲ್ಲ. ಪರ್ಷಿಯನ್ ಮತ್ತು ಸಯಾಮೀ ಬೆಕ್ಕುಗಳ ಸಂಕರದಿಂದ ಬಂದ ಈ ತಳಿಗೆ, ಇದೇ ಬಗೆಯ ಬಣ್ಣವಿರುವ ಹಿಮಾಲಯನ್ ಮೊಲದಿಂದಾಗಿ ಆ ಹೆಸರು ಬಂತು. ಇವೆಲ್ಲಕ್ಕಿಂತ ಹಳೆಯದು ಸಯಾಮೀ. ಅದರ ತವರಾದ ಥಾಯ್ಲೆಂಡಿನಲ್ಲಿ ಅದನ್ನು ‘ವಿಚಿಯನ್‌ಮಾತ್’ ಎನ್ನುತ್ತಾರೆ. ಚಂದ್ರವಜ್ರ ಎಂದು ಅದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುವುದುಂಟು. ‘ವಿಚಿಯನ್’ ಎಂಬುದು ಪಾಳಿಯ ‘ವಜಿರ’, ಎಂದರೆ ನಮ್ಮ ‘ವಜ್ರ’ವೇ. ಎಲ್ಲಿಯ ಬ್ಯಾಂಕಾಕ್, ಎಲ್ಲಿಯ ಬನಶಂಕರಿ! ವಜ್ರ ಎಂದು ಕರೆದರೆ ಈ ಬೆಕ್ಕಿಗೆ ಅದರ ತವರಿನ ಹೆಸರನ್ನೇ ಕೊಟ್ಟಂತಾಗುತ್ತದೆ. ಕಣ್ಣನ್ನು ನೋಡಿ ‘ನೀಲ’ ಎಂದರೂ ಸರಿಯೇ, ಆ ನೀಲಿ ಮಾಸುವುದಿಲ್ಲ. ಮುಂದೆ ಮೂಡಲಿರುವ ಮಸಿಮುಖವನ್ನು ಮೊದಲೇ ಲೆಕ್ಕ ಹಾಕಿ ‘ಕಾಡಿಗೆ’ ಎಂದಿಡುವ ಚತುರರೂ ಇರಬಹುದು. ತೇಜಸ್ವಿಯವರ ‘ಪರಿಸರದ ಕತೆ’ ಓದಿದವರಿಗೆ ನೆನಪಿರುತ್ತದೆ, ಅದರಲ್ಲಿ ಬರುವ ನಾಯಿಯ ಹೆಸರು ‘ಕಿವಿ’. ಅಷ್ಟು ಚಿಕ್ಕದು, ಅಷ್ಟು ನೇರ.

ಅರ್ಥ ನಮಗೆ, ಬೆಕ್ಕಿಗೆ ಬೇಕಾದದ್ದು ಸದ್ದು. ಬೆಕ್ಕು ತನ್ನ ಹೆಸರನ್ನು ಗುರುತಿಸುತ್ತದೆಯೇ? ಜಪಾನಿನ ಅತ್ಸುಕೊ ಸೈತೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಹೌದೆನ್ನುತ್ತದೆ. ಅವರ ವಿಧಾನವನ್ನು ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. ಹೆಸರಿನಷ್ಟೇ ಉದ್ದದ, ಹೆಸರಿನದೇ ಲಯದ ನಾಲ್ಕು ಬೇರೆ ಪದಗಳನ್ನು ಒಂದರ ನಂತರ ಒಂದು, ಒಂದೇ ಧಾಟಿಯಲ್ಲಿ ಹೇಳಿ. ‘ವಜ್ರ’ನಾದರೆ ಮಂಚ, ಬುಟ್ಟಿ, ಪತ್ರ, ಕಲ್ಲು ಎನ್ನಬಹುದು. ಕೇಳಿ ಕೇಳಿ ಬೆಕ್ಕಿನ ಗಮನ ಕುಗ್ಗುತ್ತದೆ. ಐದನೆಯದಾಗಿ ಹೆಸರು ಹೇಳಿದಾಗ ಅದರ ಕಿವಿ ನಿಮಿರಿತೇ, ತಲೆ ತಿರುಗಿತೇ? ಎದ್ದು ಬರಲಿಲ್ಲವೆಂದು ಬೇಸರ ಬೇಡ. ಕೇಳುವುದು ಬೇರೆ, ಮಾತು ಕೇಳುವುದು ಬೇರೆ. ಅದೇ ಅಧ್ಯಯನದಲ್ಲಿ, ಹಲವು ಬೆಕ್ಕುಗಳಿರುವ ಕೆಫೆಯ ಬೆಕ್ಕುಗಳು ತಮ್ಮ ಹೆಸರನ್ನು ಜೊತೆಯ ಬೆಕ್ಕುಗಳ ಹೆಸರಿನಿಂದ ಬೇರ್ಪಡಿಸಲಿಲ್ಲ.

ನಮ್ಮ ಮನೆಗಳಲ್ಲಿ ಆಗುವುದೂ ಇಂಥದ್ದೇ. ಚಿನ್ನು, ಪುಟ್ಟಿ, ಬಂಗಾರಿ ಎಂದು ಮಗುವನ್ನೂ ಕರೆಯುತ್ತೇವೆ, ಬೆಕ್ಕನ್ನೂ ಕರೆಯುತ್ತೇವೆ. ಇನ್ನು ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಕೂಡಿಸಿ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯನ್ನು ನೋಡಿ. ಅಲ್ಲಿ ಒಂದೇ ಮಹಡಿಯಲ್ಲಿ ಬೆಕ್ಕು, ಪಿಲ್ಲಿ, ಪೂನೈ, ಪೂಚ್ಚ, ಬಿಲ್ಲಿ ಎಲ್ಲವೂ ಕೇಳಿಬಂದೀತು. ಆದ್ದರಿಂದ ಎರಡು ಅಕ್ಷರದ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ, ಅಜ್ಜಿಗೂ ಪಕ್ಕದ ಮನೆಯವರಿಗೂ ಬಾಯಿಗೆ ಬರುವ ಒಂದು ಹೆಸರು ಸಾಕು. ಊಟ ಹಾಕುವಾಗ, ಮೈ ಸವರುವಾಗ ಅದನ್ನೇ ಹೇಳಿ. ಬೈಯುವಾಗ, ಔಷಧಿ ಕುಡಿಸುವಾಗ ಬೇಡ.

ಇಷ್ಟೆಲ್ಲ ಏಕೆಂದರೆ, ದೀಪಾವಳಿಯ ರಾತ್ರಿಯೊಂದಿದೆ. ಲಕ್ಷ್ಮೀ ಪಟಾಕಿಯ ಸದ್ದಿಗೆ ಬೆದರಿದ ಬೆಕ್ಕು ತೆರೆದ ಬಾಗಿಲಿನಿಂದ ನುಸುಳಿ, ನಾಲ್ಕು ಮಹಡಿ ಇಳಿದು, ನಿಂತ ಕಾರುಗಳ ಕೆಳಗೆಲ್ಲೋ ಅಡಗಿರುತ್ತದೆ. ಮನೆಯೊಳಗೇ ಬೆಳೆದದ್ದು, ಬೀದಿ ಕಂಡಿಲ್ಲ. ಹೊಗೆ ತಣಿದ ಮೇಲೆ, ನಡುರಾತ್ರಿಯಲ್ಲಿ, ಟಾರ್ಚ್ ಹಿಡಿದು ಮೆಲ್ಲನೆ ಆ ಹೆಸರು ಕರೆಯುತ್ತ ನಡೆಯಿರಿ. ಕಪ್ಪು ಮುಖ ಕತ್ತಲಲ್ಲಿ ಕಾಣುವುದಿಲ್ಲ. ಬೆಳಕು ಬಿದ್ದಾಗ ಈ ಜಾತಿಯ ಬೆಕ್ಕಿನ ಕಣ್ಣು ಮಾತ್ರ ಕೆಂಪಗೆ ಹೊಳೆಯುತ್ತದೆ.